ಈ ಕಾಲದ ವೆಸ್ಟರ್ನ್ ಕ್ಲಾಸಿಕಲ್ ಕಂಪೋಸರ್‌ಗಳನ್ನ ಹುಡುಕಿ ಕೇಳೋದು ಹೇಗೆ: ಅರ್ಧಕ್ಕೆ ಬಿಟ್ಟವರಿಗೆ ಸಮಗ್ರ ಮಾರ್ಗದರ್ಶಿ

"ಟ್ರೈ ಮಾಡಿದೆ, ತಲೆನೋವು ಬಂತು, ಬಿಟ್ಟೆ." ಕಂಟೆಂಪರರಿ ಕ್ಲಾಸಿಕಲ್ ಬಗ್ಗೆ ಬರೋ ಮೆಸೇಜ್‌ಗಳು ಹೆಚ್ಚುಕಮ್ಮಿ ಎಲ್ಲಾ ಹೀಗೇ ಇರ್ತವೆ. ಏನು ಕೇಳಿದ್ರಿ ಅಂತ ವಿಚಾರಿಸಿದ್ರೆ ಯಾವುದೋ "20ನೇ ಶತಮಾನದ ಶ್ರೇಷ್ಠ ಕೃತಿಗಳು" ಲಿಸ್ಟ್‌ನ ಮೇಲಿಂದ ಶುರು ಮಾಡಿರ್ತಾರೆ, ಪೋಲೆಂಡಿನ ಕಂಪೋಸರ್ ಪೆಂಡೆರೆಟ್ಸ್ಕಿಯ 52 ತಂತಿವಾದ್ಯಗಳು ಒಟ್ಟಿಗೆ ಕಿರುಚೋ ಆ ಹಿರೋಶಿಮಾ ಶೋಕಗೀತೆ ಹಾಕ್ಕೊಂಡು, ಅದೂ ಮೆಟ್ರೋದಲ್ಲಿ, ಎರಡು ನಿಮಿಷಕ್ಕೆ ಆಫ್ ಮಾಡಿರ್ತಾರೆ. ಅದು ದೊಡ್ಡ ಕೃತಿನೇ, ಆದ್ರೆ ಮೊದಲನೇ ದಿನಕ್ಕಲ್ಲ. ನಿಮ್ಮ ಕಿವಿಯಲ್ಲಿ ಏನೂ ದೋಷ ಇಲ್ಲ, ಕೇಳಿದ ಕ್ರಮ ತಪ್ಪು ಅಷ್ಟೆ.

ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ. ಪ್ರತಿ ಕೃತಿಯಲ್ಲೂ ಕಿವಿ ಹಿಡ್ಕೊಂಡು ಹೋಗೋಕೆ ಒಂದು ಜಾಡು ಇರತ್ತೆ: ಒಂದರಲ್ಲಿ ಲಯ, ಇನ್ನೊಂದರಲ್ಲಿ ಒಂದೇ ಸ್ವರದ ಸುತ್ತ ಸುತ್ತೋದು, ಮತ್ತೊಂದರಲ್ಲಿ ಬರೀ ನಾದದ ಬಣ್ಣ. ಆ ಜಾಡು ಸಿಗೋ ಮುಂಚೆ "ಇಷ್ಟ ಆಯ್ತು, ಆಗ್ಲಿಲ್ಲ" ಅಂತ ತೀರ್ಮಾನಕ್ಕೆ ಬರಬೇಡಿ.

ಹಂತ 1: ಸಾಮಾನು ಮತ್ತು ಆ್ಯಪ್ ಸೆಟ್ಟಿಂಗ್

ದುಬಾರಿ ಹೆಡ್‌ಫೋನ್ ಬೇಡ, ಸಾಧಾರಣ ವೈರ್ಡ್ ಇಯರ್‌ಫೋನ್ ಸಾಕು. ಆದ್ರೆ ಫೋನ್ ಸ್ಪೀಕರ್ ಮಾತ್ರ ಬೇಡವೇ ಬೇಡ, ಅದರಲ್ಲಿ ಡಬಲ್ ಬೇಸ್‌ನ (ವಯಲಿನ್ ಜಾತಿಯ ದೊಡ್ಡ ತಂತಿವಾದ್ಯ) ಕೆಳಗಿನ ಸ್ವರಗಳು ಕೇಳಿಸೋದೇ ಇಲ್ಲ, ಕೆಲವು ಕೃತಿಗಳು ಶುರುವಾಗೋದೇ ಅಲ್ಲಿಂದ.

ಆ್ಯಪ್‌ನಲ್ಲಿ ಮೂರು ಕೆಲಸ. ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲಾಂದ್ರೆ ಒಂದು ಭಾಗದ ಕೊನೆ ಮುಂದಿನದರ ಮೇಲೆ ಬಿದ್ದು, ಕಂಪೋಸರ್ ಬೇಕಂತಲೇ ಬಿಟ್ಟ ಮೌನ ಹೊಗೆ ಆಗತ್ತೆ. ಆಟೋಪ್ಲೇ ಕೂಡ ಆಫ್ ಮಾಡಿ, ಇಲ್ಲಾಂದ್ರೆ ಕೃತಿ ಮುಗಿದ ತಕ್ಷಣ ಯಾವುದೋ ಸ್ಪಾ ಪಿಯಾನೋ ಶುರುವಾಗಿ ಕೇಳಿದ್ದೆಲ್ಲಾ ಕಲಸಿಹೋಗತ್ತೆ. ಮಧ್ಯೆ ಜಾಹೀರಾತು ಬರೋ ಫ್ರೀ ಅಕೌಂಟ್‌ಗಿಂತ ಲೈಬ್ರರಿ ಸಿಡಿನೋ ಯೂಟ್ಯೂಬ್‌ನಲ್ಲಿ ಆರ್ಕೆಸ್ಟ್ರಾಗಳೇ ಹಾಕಿರೋ ಫುಲ್ ಕಾನ್ಸರ್ಟ್ ವಿಡಿಯೋನೋ ಎಷ್ಟೋ ಮೇಲು. ಫ್ರಾಂಕ್‌ಫರ್ಟ್ ರೇಡಿಯೋ ಸಿಂಫನಿಯವರ ಚಾನೆಲ್ ಒಂದು ಸಬ್‌ಸ್ಕ್ರೈಬ್ ಮಾಡಿಟ್ಕೊಳ್ಳಿ, ಪೂರ್ತಿ ಕೃತಿಗಳು ನೀಟಾಗಿ ಸಿಗ್ತವೆ.

ಸರ್ಚ್ ಮಾಡೋವಾಗ ಕಂಪೋಸರ್ ಹೆಸರು ಹೊಡೆದು ಮೇಲೆ ಬಂದ "ಪಾಪ್ಯುಲರ್" ಟ್ರ್ಯಾಕ್ ಒತ್ತೋದು ಎಲ್ರೂ ಮಾಡೋ ತಪ್ಪು. ಕ್ಲಾಸಿಕಲ್‌ನಲ್ಲಿ ಒಂದು ಕೃತಿ ಮೂರ್ನಾಲ್ಕು ಟ್ರ್ಯಾಕ್ ಆಗಿ ಒಡೆದಿರತ್ತೆ, ಪಾಪ್ಯುಲರ್ ಅಂತ ಬರೋದು ಅದರ ಒಂದು ತುಂಡು. ಕೃತಿಯ ಹೆಸರು ಹಾಕಿ ಹುಡುಕಿ, ಎಷ್ಟು ಭಾಗ ಇದೆ ಅಂತ ನೋಡ್ಕೊಳ್ಳಿ, ಆಮೇಲೆ ಪೂರ್ತಿ ಆಲ್ಬಂ ಓಪನ್ ಮಾಡಿ.

ಜೊತೆಗೆ ಒಂದು ನೋಟ್‌ಬುಕ್ಕು. ಅದರಲ್ಲಿ ವಿಮರ್ಶೆ ಬರೀಬೇಡಿ, ಎಷ್ಟನೇ ನಿಮಿಷದಲ್ಲಿ ಏನೋ ಬದಲಾಯ್ತು, ಯಾವ ವಾದ್ಯ ಅನ್ನಿಸ್ತು, ಅಷ್ಟೇ ಸಾಕು.

ಎಚ್ಚರಿಕೆ: ಈ ಸಂಗೀತ ಕೆಲವೊಮ್ಮೆ ಕೇಳಿಸದಷ್ಟು ಮೆಲ್ಲಗೆ ಶುರುವಾಗತ್ತೆ. ಕೇಳ್ತಿಲ್ಲ ಅಂತ ವಾಲ್ಯೂಮ್ ಪೂರ್ತಿ ಏರಿಸಿದ್ರೆ ಐದು ನಿಮಿಷ ಬಿಟ್ಟು ಇಡೀ ಆರ್ಕೆಸ್ಟ್ರಾ ಕಿವಿಗೆ ಬಡಿಯತ್ತೆ. ಮೊದಲು ಕೃತಿಯ ಜೋರಾದ ಜಾಗಕ್ಕೆ ಒಂದ್ಸಲ ಹೋಗಿ ವಾಲ್ಯೂಮ್ ಫಿಕ್ಸ್ ಮಾಡ್ಕೊಂಡು ಬನ್ನಿ.

ಹಂತ 2: ಕೈಯಿಂದ ಶುರು ಮಾಡಿ (ಸ್ಟೀವ್ ರೈಶ್, ಟೆರ್ರಿ ರೈಲಿ)

ಕಚೇರಿಯಲ್ಲಿ ತೊಡೆ ಮೇಲೆ ತಾಳ ಹಾಕಿ ಅಭ್ಯಾಸ ಇರೋರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇಲ್ಲ. ಸ್ಟೀವ್ ರೈಶ್ ಅವರ 1972ರ 'ಕ್ಲ್ಯಾಪಿಂಗ್ ಮ್ಯೂಸಿಕ್' ತಗೊಳ್ಳಿ. ವಾದ್ಯನೇ ಇಲ್ಲ, ಇಬ್ಬರು ಚಪ್ಪಾಳೆ ತಟ್ತಾರೆ, ನಾಲ್ಕೈದು ನಿಮಿಷ, ಮುಗೀತು.

ಕೇಳೋ ಮುಂಚೆ ನೀವೇ ತಟ್ಟಿ ನೋಡಿ. ಒಟ್ಟು 12 ಮಾತ್ರೆ, ಅದರಲ್ಲಿ 8 ಏಟು: ಮೂರು ತಟ್ಟಿ ಒಂದು ಬಿಡಿ, ಎರಡು ತಟ್ಟಿ ಒಂದು ಬಿಡಿ, ಒಂದು ತಟ್ಟಿ ಒಂದು ಬಿಡಿ, ಎರಡು ತಟ್ಟಿ ಒಂದು ಬಿಡಿ. ಬಾಯಲ್ಲಿ ಹೇಳೋದಾದ್ರೆ "ತಕಿಟ – ತಕ – ತ – ತಕ –", ಗೆರೆ ಇರೋ ಕಡೆ ಒಂದೊಂದು ಮಾತ್ರೆ ಖಾಲಿ. ತಡವರಿಸದೆ ಬರೋ ತನಕ ತಟ್ಟಿ.

ಈಗ ಪ್ಲೇ ಮಾಡಿ. ಒಬ್ಬರು ಕೊನೇವರೆಗೂ ಇದನ್ನೇ ತಟ್ತಾರೆ. ಇನ್ನೊಬ್ಬರು ಅದನ್ನೇ ಒಂದಷ್ಟು ಸಲ ತಟ್ಟಿ, ತಟ್ ಅಂತ ಒಂದು ಮಾತ್ರೆ ಮುಂದಕ್ಕೆ ಜರುಗ್ತಾರೆ, ಮತ್ತೆ ಒಂದಷ್ಟು ಸಲ, ಮತ್ತೆ ಒಂದು ಮಾತ್ರೆ, ಹೀಗೇ ಹನ್ನೆರಡು ಸಲ ಜರುಗಿ ಮತ್ತೆ ಇಬ್ಬರೂ ಒಂದೇ ಕಡೆ ಬಂದು ಸೇರ್ತಾರೆ. ನಿಮ್ಮ ಕೈ ಮೊದಲನೆಯವರ ಜೊತೆ ಇರಲಿ, ಕಿವಿ ಎರಡನೆಯವರ ಕಡೆ. ಒಂದು ಪಾಯಿಂಟ್‌ನಲ್ಲಿ ಇಬ್ಬರೂ ತಟ್ಟದೇ ಇರೋ ಮೂರನೇ ನಡೆ ಒಂದು ಕೇಳ್ಸೋಕೆ ಶುರುವಾಗತ್ತೆ, ಅದು ಅವರಿಬ್ಬರ ಏಟುಗಳು ಹೆಣೆದುಕೊಂಡು ಹುಟ್ಟಿದ್ದು. ಈ ಥರದ ಸಂಗೀತದ ಮುಕ್ಕಾಲು ಪಾಲು ಸುಖ ಅಲ್ಲೇ ಇದೆ, ನನ್ನ ಪ್ರಕಾರ.

ಆಮೇಲೆ ಅವರದ್ದೇ 'ಪಿಯಾನೋ ಫೇಸ್' (1967). ಇಲ್ಲಿ ಜರುಗೋದು ತಟ್ ಅಂತ ಅಲ್ಲ, ಒಬ್ಬ ಪಿಯಾನಿಸ್ಟ್ ಗೊತ್ತೇ ಆಗದ ಹಾಗೆ ಸ್ವಲ್ಪ ಸ್ವಲ್ಪ ವೇಗ ಹೆಚ್ಚಿಸ್ತಾರೆ, ಮಧ್ಯೆ ಒಂದಷ್ಟು ಹೊತ್ತು ಎಲ್ಲಾ ಕೆಸರು ಕೆಸರು, ಆಮೇಲೆ ಇದ್ದಕ್ಕಿದ್ದಂತೆ ತಿಳಿಯಾಗತ್ತೆ. ಕೆಸರು ಬಂದಾಗ ಆಫ್ ಮಾಡಬೇಡಿ, ಅದು ದಾರಿನೇ.

ಇದು ಕೂತ್ಮೇಲೆ 'ಮ್ಯೂಸಿಕ್ ಫಾರ್ 18 ಮ್ಯುಸಿಶಿಯನ್ಸ್' (1976). ಸುಮಾರು ಒಂದು ಗಂಟೆ, ಹೆದರಬೇಡಿ. ಶುರುವಿನಲ್ಲಿ ಹನ್ನೊಂದು ಕಾರ್ಡ್‌ಗಳು (chord, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗೊಂಚಲು) ಒಂದಾದ ಮೇಲೆ ಒಂದು ಉಸಿರಾಡೋ ಹಾಗೆ ಬಂದು ಹೋಗ್ತವೆ, ಆಮೇಲೆ ಒಂದೊಂದು ಕಾರ್ಡ್ ಹಿಡಿದು ಒಂದೊಂದು ವಿಭಾಗ ಬೆಳೆಯತ್ತೆ, ಕೊನೆಗೆ ಮತ್ತೆ ಆ ಹನ್ನೊಂದು. ಕಂಡಕ್ಟರ್ ಇಲ್ಲ. ವೈಬ್ರಾಫೋನ್‌ನ ಲೋಹದ ಟಣ್ ಟಣ್ ಕೇಳಿಸ್ತು ಅಂದ್ರೆ ಅದು ವಾದಕರಿಗೇ ಸಿಗ್ನಲ್ಲು, ಈಗ ಬದಲಾಗಿ ಅಂತ. ಆ ಸಿಗ್ನಲ್ ನೀವೂ ಹಿಡೀರಿ, ಪ್ರತಿ ಸಲ ಕೇಳಿಸಿದಾಗ ನೋಟ್‌ಬುಕ್‌ನಲ್ಲಿ ಟೈಮ್ ಗುರುತು ಹಾಕಿ. ಒಂದು ಗಂಟೆಯ ಕೃತಿ ಪುಟ್ಟ ಪುಟ್ಟ ಕೋಣೆಗಳಾಗಿ ಒಡೆದುಕೊಳ್ಳತ್ತೆ.

ಇದೇ ಹಂತದಲ್ಲಿ ಟೆರ್ರಿ ರೈಲಿಯ 'ಇನ್ ಸಿ' (1964). ಸ್ಕೋರಲ್ಲಿ, ಅಂದ್ರೆ ಕಂಪೋಸರ್ ಬರೆದಿಟ್ಟ ಸ್ವರಲಿಪಿಯಲ್ಲಿ, ಇರೋದು 53 ಸಣ್ಣ ತುಣುಕುಗಳು ಅಷ್ಟೆ. ಯಾವ ವಾದ್ಯ ಆದ್ರೂ ಸರಿ, ಎಷ್ಟು ಜನ ಆದ್ರೂ ಸರಿ, ಪ್ರತಿಯೊಬ್ಬರೂ ಪ್ರತಿ ತುಣುಕನ್ನ ಬೇಕಾದಷ್ಟು ಸಲ ನುಡಿಸಿ ಮುಂದಕ್ಕೆ ಹೋಗಬಹುದು. ಹಾಗಾಗಿ ಎರಡು ರೆಕಾರ್ಡಿಂಗ್ ಕೇಳಲೇಬೇಕು, ಒಂದರಲ್ಲಿ ಪಾಯಿಂಟೇ ಗೊತ್ತಾಗಲ್ಲ. ಆಫ್ರಿಕಾ ಎಕ್ಸ್‌ಪ್ರೆಸ್‌ನವರು ಮಾಲಿ ದೇಶದ ವಾದಕರ ಜೊತೆ ಮಾಡಿದ್ದು ಒಂದಿದೆ, ಬ್ರೂಕ್ಲಿನ್ ರಾಗ ಮ್ಯಾಸಿವ್ ತಂಡ ಸಿತಾರ್, ಸರೋದ್ ಎಲ್ಲಾ ಸೇರಿಸಿ ಮಾಡಿದ್ದು ಒಂದಿದೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ.

ಯಾವಾಗ ಮುಂದೆ ಹೋಗ್ಬೇಕು? "ಅದೇ ಅದೇ ಬರ್ತಿದೆ" ಅನ್ನೋದು ನಿಂತು "ಈಗ ಬದಲಾಯ್ತು" ಅಂತ ನೀವೇ ಬೆರಳು ಮಾಡಿ ತೋರಿಸೋ ಹಾಗಾದಾಗ. ಅಲ್ಲಿವರೆಗೆ ಇಲ್ಲೇ ಇರಿ.

ಹಂತ 3: ನಿಧಾನಕ್ಕೆ ಒಗ್ಗಿಕೊಳ್ಳಿ (ಆರ್ವೊ ಪ್ಯಾರ್ಟ್, ಗುರೆಟ್ಸ್ಕಿ)

ಧಾರವಾಡದ ಕಡೆ ಕಿರಾಣಾ ಘರಾನೆಯ ವಿಲಂಬಿತ್ ಕೇಳಿ ಬೆಳೆದೋರಿಗೆ, ಗಂಗೂಬಾಯಿ, ಭೀಮಸೇನ ಜೋಶಿಯವರು ಒಂದು ಸ್ವರದ ಮೇಲೆ ಎಷ್ಟೊತ್ತು ನಿಲ್ತಿದ್ರು ಅಂತ ಗೊತ್ತಿರೋರಿಗೆ, ಈ ಹಂತ ಸಲೀಸು. ಅಂದಹಾಗೆ ಮೇಲೆ ಹೇಳಿದ ಟೆರ್ರಿ ರೈಲಿ 1970ರಿಂದ ಅದೇ ಕಿರಾಣಾದ ಪಂಡಿತ್ ಪ್ರಾಣನಾಥರ ಶಿಷ್ಯ.

ಎಸ್ಟೋನಿಯಾದ ಆರ್ವೊ ಪ್ಯಾರ್ಟ್ (1935ರಲ್ಲಿ ಹುಟ್ಟಿದವರು) ಅವರ 'ಸ್ಪೀಗೆಲ್ ಇಮ್ ಸ್ಪೀಗೆಲ್' (1978) ನೀವು ಯಾವುದಾದ್ರೂ ಸಿನಿಮಾದಲ್ಲೋ ಆ್ಯಡ್‌ನಲ್ಲೋ ಆಗಲೇ ಕೇಳಿರಬಹುದು. ಪಿಯಾನೋ ಮೂರು ಮೂರು ಸ್ವರ ಬಿಡಿಸ್ತಾ ಹೋಗತ್ತೆ, ಮೇಲೆ ವಯಲಿನ್. ಜಾಡು ಇದು: ವಯಲಿನ್ ಮೊದಲು ಎರಡೇ ಸ್ವರ ನುಡಿಸತ್ತೆ, ಆಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ದಿಕ್ಕಿಗೆ, ಆಮೇಲೆ ಮೂರು ಸ್ವರ, ಮತ್ತೆ ಉಲ್ಟಾ, ಹೀಗೆ ಒಂದೊಂದೇ ಸ್ವರ ಕೂಡ್ತಾ ಹೋಗತ್ತೆ, ಪ್ರತಿ ಸಲ ಅದೇ ಒಂದು ಸ್ವರಕ್ಕೆ ಮನೆಗೆ ಬಂದ ಹಾಗೆ ಬರತ್ತೆ. ಎಣಿಸ್ಕೊಂಡು ಕೇಳಿ. ಎಣಿಸಿದ್ರೆ ಭಾವ ಹಾಳಾಗತ್ತೆ ಅಂತ ಹೇಳೋರನ್ನ ನಂಬಬೇಡಿ.

ಆಮೇಲೆ 1977ರ 'ಕ್ಯಾಂಟಸ್', ಬ್ರಿಟನ್ ಅನ್ನೋ ಕಂಪೋಸರ್ ತೀರಿಕೊಂಡಾಗ ಬರೆದಿದ್ದು, ಆರೇಳು ನಿಮಿಷ. ಗಂಟೆ ಒಂದು ಹೊಡೆಯತ್ತೆ, ತಂತಿವಾದ್ಯಗಳು ಒಂದೇ ಸ್ಕೇಲನ್ನ ಮೇಲಿಂದ ಕೆಳಗೆ ಇಳಿಸ್ತಾ ಬರ್ತವೆ, ಆದ್ರೆ ಒಂದೊಂದು ಗುಂಪು ಅದರ ಮೇಲಿನ ಗುಂಪಿನ ಅರ್ಧ ವೇಗದಲ್ಲಿ. ವಿಳಂಬ, ಮಧ್ಯಮ, ದುರಿತ ಮೂರೂ ಒಟ್ಟಿಗೆ ಹಾಡಿದ್ರೆ ಹೇಗಿರತ್ತೋ ಹಾಗೆ ಅಂದ್ಕೊಳ್ಳಿ. ಕೊನೆಗೆ ಎಲ್ಲಾ ತಂತಿಗಳೂ ನಿಂತ ಮೇಲೆ ಗಂಟೆಯ ಗುಂಯ್‌ಗಾಟ ಮಾತ್ರ ಉಳಿಯತ್ತೆ, ಅಲ್ಲಿವರೆಗೂ ಮೈನರ್‌ನಲ್ಲಿದ್ದ (ದುಃಖದ ಛಾಯೆಯ ಸ್ಕೇಲ್) ಕಿವಿಗೆ ಆ ಗಂಟೆಯ ಒಳಗಿಂದ ಮೇಜರ್‌ನ (ಬೆಳಕಿನ ಛಾಯೆಯದು) ಸ್ವರವೊಂದು ಮಿನುಗಿದ ಹಾಗೆ ಕೇಳತ್ತೆ. ಇದಕ್ಕೇ ನಾನು ಕ್ರಾಸ್‌ಫೇಡ್ ತೆಗೀರಿ ಅಂದಿದ್ದು.

ಗುರೆಟ್ಸ್ಕಿಯ ಮೂರನೇ ಸಿಂಫನಿ (1976) ಪೋಲೆಂಡ್‌ದು. 1992ರಲ್ಲಿ ಡಾನ್ ಅಪ್‌ಷಾ ಹಾಡಿದ ರೆಕಾರ್ಡಿಂಗ್ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಆಗಿದ್ದರಿಂದ ಪ್ಲೇಲಿಸ್ಟ್‌ಗಳಲ್ಲೆಲ್ಲಾ ಅದರ ಎರಡನೇ ಭಾಗದ ತುಂಡು ಸಿಗತ್ತೆ. ತುಂಡು ಬೇಡ. ಮೊದಲ ಭಾಗದಿಂದ ಕೇಳಿ, ಡಬಲ್ ಬೇಸ್‌ನಲ್ಲಿ ನೆಲದಿಂದ ಎದ್ದ ಹಾಗೆ ಶುರುವಾಗಿ ಒಂದೊಂದೇ ಗುಂಪು ಅದೇ ಸಾಲನ್ನ ಹಿಡೀತಾ ಮೇಲೇರತ್ತೆ, ನಡುವೆ ಹೆಣ್ಣುದನಿ, ಆಮೇಲೆ ಹತ್ತಿದ ದಾರಿಯಲ್ಲೇ ಇಳಿಯೋದು. ಹಾಡಿನ ಮಾತುಗಳ ಅನುವಾದ ಓದ್ಕೊಂಡೇ ಎರಡನೇ ಭಾಗಕ್ಕೆ ಹೋಗಿ: 1944ರಲ್ಲಿ ಜಾಕೊಪಾನೆ ಊರಿನ ಗೆಸ್ಟಾಪೊ (ನಾಜಿ ಗುಪ್ತ ಪೊಲೀಸರು) ಸೆರೆಮನೆಯ ಗೋಡೆ ಮೇಲೆ 18 ವರ್ಷದ ಹುಡುಗಿಯೊಬ್ಬಳು ಬರೆದ ಪ್ರಾರ್ಥನೆ ಅದು.

ಅಪಾಯದ ಗುರುತು: ಈ ಹಂತದಲ್ಲಿ ಸಿಕ್ಕಿಹಾಕ್ಕೊಳ್ಳೋರು ಜಾಸ್ತಿ. ಎಲ್ಲದಕ್ಕೂ "ಎಷ್ಟು ಶಾಂತಿ" ಅನ್ನೋ ಒಂದೇ ಮಾತು ಬರ್ತಿದ್ರೆ, ಓದೋವಾಗ, ನಿದ್ದೆ ಮಾಡೋವಾಗ ಮಾತ್ರ ಹಾಕ್ತಿದ್ರೆ, ಕೇಳೋದು ನಿಂತು ಬರೀ ಹಿನ್ನೆಲೆ ಆಗಿದೆ ಅಂತ ಅರ್ಥ. ಮುಂದಿನ ಹಂತಕ್ಕೆ ಹೊರಡಿ.

ಹಂತ 4: ರಾಗನೂ ಇಲ್ಲ ತಾಳನೂ ಇಲ್ಲ, ಆಗ ಏನು ಕೇಳೋದು (ಲಿಗೆಟಿ, ಸಾರಿಯಾಹೊ)

ಎಲ್ರೂ ಬೀಳೋದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನ.

ಲಿಗೆಟಿಯ 'ಅಟ್ಮಾಸ್ಫಿಯರ್ಸ್' (1961), ಒಂಬತ್ತು ನಿಮಿಷ ಆಜುಬಾಜು. 1968ರ ಕುಬ್ರಿಕ್ ಸಿನಿಮಾ '2001' ನೋಡಿದೋರಿಗೆ ಇದು ಗೊತ್ತು. ಇದರಲ್ಲಿ ಗುನುಗೋಕೆ ಏನೂ ಇಲ್ಲ, ತಟ್ಟೋಕೂ ಏನೂ ಇಲ್ಲ, ಹುಡುಕಬೇಡಿ. ನಮ್ಮೋರು ಇಲ್ಲಿ ತಪ್ಪು ಮಾಡೋದು ಇಷ್ಟೇ, ಕಿವಿ ತಾನಾಗೇ ಷಡ್ಜ ಎಲ್ಲಿ ಅಂತ ಹುಡುಕ್ತಾ ಇರತ್ತೆ, ಸಿಗಲ್ಲ, ಸುಸ್ತಾಗತ್ತೆ, ಅದಕ್ಕೇ ತಲೆನೋವು.

ಬದಲಿಗೆ ಮೂರು ಪ್ರಶ್ನೆ ಇಟ್ಕೊಂಡು ಕೇಳಿ. ಶಬ್ದ ದಪ್ಪ ಇದೆಯೋ ತೆಳ್ಳಗಿದೆಯೋ? ಮೇಲಕ್ಕೆ ಹೋಗ್ತಿದೆಯೋ ಕೆಳಕ್ಕೋ? ಹೊಳೀತಿದೆಯೋ ಮಂಕಾಗಿದೆಯೋ? ಶುರುವಿನ ಕಾರ್ಡ್‌ನಲ್ಲಿ ಐದು ಸಪ್ತಕಕ್ಕೂ ಹೆಚ್ಚು ಅಗಲದಲ್ಲಿ ಪಕ್ಕಪಕ್ಕದ ಸ್ವರಗಳೆಲ್ಲಾ ಒಟ್ಟಿಗೆ ಇರ್ತವೆ, ಅದು ನಿಧಾನಕ್ಕೆ ಬಣ್ಣ ಬದಲಿಸತ್ತೆ. ಮುಂದೆ ಒಂದು ಕಡೆ ಪಿಕೊಲೊಗಳು (ಪುಟ್ಟ ಕೊಳಲುಗಳು) ಕಿವಿ ಚುಚ್ಚೋ ಅಷ್ಟು ಮೇಲೆ ಏರಿ ಪಟ್ ಅಂತ ಕಡಿದು ತಳದಲ್ಲಿ ಡಬಲ್ ಬೇಸ್‌ಗಳು ಗುರುಗುಟ್ತವೆ. ಆ ಜಾಗ ಎಷ್ಟನೇ ನಿಮಿಷ ಅಂತ ಬರ್ಕೊಳ್ಳಿ. ಎರಡನೇ ಸಲ ಅದು ಬರೋದಕ್ಕೆ ಕಾಯ್ತಾ ಕೇಳಿ, ಕಾಯೋಕೆ ಒಂದು ಜಾಗ ಸಿಕ್ಕಿತು ಅಂದ್ರೆ ಕೃತಿಗೆ ಆಕಾರ ಬಂತು.

ಆಮೇಲೆ ಫಿನ್‌ಲ್ಯಾಂಡಿನ ಕಾಯ ಸಾರಿಯಾಹೊ (1952–2023). ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಆಡೋ ಬಣ್ಣದ ಬೆಳಕನ್ನ (ಅರೋರಾ) ನೋಡಿ ಬರೆದ 'ಲಿಖ್ಟ್‌ಬೋಗೆನ್' (1986) ಅಥವಾ ದೊಡ್ಡ ಆರ್ಕೆಸ್ಟ್ರಾದ 'ಓರಿಯನ್' (2002). ಓರಿಯನ್‌ಗೆ ಮೂರು ಭಾಗ, ಮೊದಲು ಮಧ್ಯದ್ದು ಕೇಳಿ, ಅಲ್ಲಿ ಒಂಟಿ ವಾದ್ಯಗಳು ಬರೋದ್ರಿಂದ ಹಿಡ್ಕೊಳ್ಳೋಕೆ ಸುಲಭ. ಇವರು ರುಚಿಸಿದ್ರೆ ಐಸ್‌ಲ್ಯಾಂಡಿನ ಅನ್ನಾ ಥೋರ್ವಾಲ್ಡ್ಸ್‌ಡೋಟಿರ್ ಅವರ 'ಮೆಟಾಕಾಸ್ಮೋಸ್'.

ಇದೆಲ್ಲಾ ಆದ್ಮೇಲೆ ಪೆಂಡೆರೆಟ್ಸ್ಕಿ ಹತ್ರ ವಾಪಸ್ ಹೋಗಿ ನೋಡಿ.

ತಲೆ ನಿಜಕ್ಕೂ ಭಾರ ಆದ್ರೆ ನಿಲ್ಲಿಸಿ, ಹಠ ಬೇಡ. ದಿನಕ್ಕೆ ಇಂಥ ಕೃತಿ ಒಂದೇ ಸಾಕು.

ಹಂತ 5: ಭಾರತದ ಹೆಸರು ಕಂಡು ಮೋಸ ಹೋಗಬೇಡಿ

ಫಿಲಿಪ್ ಗ್ಲಾಸ್ ಅವರ 'ಸತ್ಯಾಗ್ರಹ' (1980) ಒಪೆರಾ ಪೂರ್ತಿ ಸಂಸ್ಕೃತದಲ್ಲಿದೆ, ಮಾತುಗಳು ಭಗವದ್ಗೀತೆಯವು, ಕಥೆ ದಕ್ಷಿಣ ಆಫ್ರಿಕಾದ ಗಾಂಧಿಯದು. ಫ್ರಾನ್ಸಿನ ಕಂಪೋಸರ್ ಮೆಸ್ಯಾನ್ ತಮ್ಮ ಲಯಗಳಿಗೆ ಶಾರ್ಙ್ಗದೇವನ ಸಂಗೀತರತ್ನಾಕರದ 120 ದೇಶೀ ತಾಳಗಳ ಪಟ್ಟಿ ನೋಡ್ತಿದ್ರು. ಜಾನ್ ಕೇಜ್ ಪಿಯಾನೋ ತಂತಿಗಳ ಮಧ್ಯೆ ಸ್ಕ್ರೂ, ಬೋಲ್ಟ್, ರಬ್ಬರ್ ಸಿಕ್ಕಿಸಿ ಬರೆದ 'ಸೊನಾಟಾಸ್ ಆ್ಯಂಡ್ ಇಂಟರ್‌ಲ್ಯೂಡ್ಸ್' (1946–48) ನಮ್ಮ ರಸಗಳ ಕಲ್ಪನೆ ಮೇಲೆ ನಿಂತಿದೆ.

ಇದನ್ನ ಓದಿ ಉತ್ಸಾಹದಲ್ಲಿ ಹಾಕಿ, ರಾಗ ಎಲ್ಲಿ ಅಂತ ಕಾದು, ನಿರಾಶೆ ಆಗಿ ಬಿಟ್ಟವರು ತುಂಬ. ಗೀತೆಯ ಶ್ಲೋಕ ಅಲ್ಲಿ ಶ್ಲೋಕದ ಧಾಟಿಯಲ್ಲಿ ಬರಲ್ಲ, ತಾಳಗಳೂ ಕೈಯಲ್ಲಿ ಹಾಕೋ ಹಾಗೆ ಬರಲ್ಲ. ಗ್ಲಾಸ್‌ನ ಕೇಳೋದಾದ್ರೆ ಹಂತ 2ರ ಕಿವಿ ತಗೊಂಡು ಹೋಗಿ. ಕೇಜ್‌ಗೆ ಹಂತ 4ರ ಕಿವಿ, ಸಣ್ಣ ಸಣ್ಣ ಕೃತಿಗಳು, ಅಲ್ಲಲ್ಲಿ ಜಲತರಂಗ ನೆನಪಾಗತ್ತೆ, ಇದೊಂದು ಮಾತ್ರ ಬೇಗ ಇಷ್ಟ ಆಗೋ ಚಾನ್ಸ್ ಇದೆ.

ಹಂತ 6: ಒಬ್ಬರನ್ನ ಹಿಡೀರಿ, ಅಲ್ಲಿಂದ ಕೊಂಡಿ ಹುಡುಕಿ

ಇಲ್ಲಿವರೆಗೆ ಕೇಳಿದ್ರಲ್ಲಿ ಯಾರು ಇಷ್ಟ ಆದ್ರೋ ಅವರೊಬ್ಬರನ್ನೇ ಇಟ್ಕೊಳ್ಳಿ. ಒಂದು ಸಣ್ಣ ಕೃತಿ, ಒಂದು ದೊಡ್ಡದು, ಒಂದು ತೀರಾ ಇತ್ತೀಚಿನದು, ಈ ಮೂರನ್ನ ಒಂದೊಂದು ವಾರ. ಪ್ರತಿಯೊಂದನ್ನೂ ಮೂರು ಸಲ: ಮೊದಲ ಸಲ ಏನೂ ಓದದೆ, ಎರಡನೇ ಸಲ ಯೂಟ್ಯೂಬ್‌ನಲ್ಲಿ ಸ್ಕೋರ್ ಓಡೋ ವಿಡಿಯೋ ನೋಡ್ಕೊಂಡು, ಮೂರನೇ ಸಲಕ್ಕೆ ಕಂಪೋಸರ್ ಬರೆದ ಟಿಪ್ಪಣಿ ಓದ್ಕೊಂಡು. ಸ್ಟಾಫ್ ನೊಟೇಶನ್ ಓದೋಕೆ ಬರಲ್ಲ ಅಂದ್ರೂ ಪರವಾಗಿಲ್ಲ, ಪುಟ ಕಪ್ಪಾಗಿದೆಯೋ ಖಾಲಿ ಇದೆಯೋ ಅಂತ ಕಣ್ಣಿಗೇ ಕಾಣತ್ತೆ. ಟಿಪ್ಪಣಿಯನ್ನ ಮೊದಲೇ ಓದಿದ್ರೆ ಅದರಲ್ಲಿ ಹೇಳಿದ್ದು ಬಿಟ್ಟು ಬೇರೇನೂ ಕೇಳಿಸಲ್ಲ.

ಆಮೇಲೆ ಕೊಂಡಿ. ಗುರು-ಶಿಷ್ಯರ ದಾರಿ ನಮಗೆ ಸಹಜವಾಗೇ ಅರ್ಥ ಆಗತ್ತೆ: ಲಿಗೆಟಿ ಇಷ್ಟ ಆದ್ರೆ ಹ್ಯಾಂಬರ್ಗ್‌ನಲ್ಲಿ ಅವರ ಹತ್ರ ಕಲಿತ ಕೊರಿಯಾದ ಉನ್ಸುಕ್ ಚಿನ್, ಅವರ ವಯಲಿನ್ ಕಾನ್ಚರ್ಟೋಗೆ (ಒಂಟಿ ವಯಲಿನ್ ಮತ್ತು ಆರ್ಕೆಸ್ಟ್ರಾದ ಕೃತಿ) 2004ರ ಗ್ರೌಮೆಯರ್ ಅನ್ನೋ ಕಂಪೋಸರ್‌ಗಳ ಪ್ರಶಸ್ತಿ ಬಂತು. ಎರಡನೇ ದಾರಿ ವಾದಕರದ್ದು. ನಾಲ್ಕು ತಂತಿವಾದಕರ ತಂಡ ಕ್ರೋನೋಸ್ ಕ್ವಾರ್ಟೆಟ್ 1973ರಿಂದ ಹೊಸಬರಿಂದ ಬರೆಸ್ತಾನೇ ಇದೆ, 'ಫಿಫ್ಟಿ ಫಾರ್ ದ ಫ್ಯೂಚರ್' ಅಂತ 50 ಕೃತಿಗಳ ಸ್ಕೋರ್‌ಗಳನ್ನ ಪುಕ್ಕಟೆ ಇಟ್ಟಿದ್ದಾರೆ. ಮೂರನೇದು ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ: ಪ್ಯಾರ್ಟ್ ಇಷ್ಟ ಆದ್ರೆ ಇಸಿಎಂ ನ್ಯೂ ಸೀರೀಸ್, ರೈಶ್ ಇಷ್ಟ ಆದ್ರೆ ನಾನ್‌ಸಚ್. ನಾಲ್ಕನೇದು ಪ್ರಶಸ್ತಿ ಪಟ್ಟಿ, ಗ್ರೌಮೆಯರ್ ಮತ್ತು ಪುಲಿಟ್ಜರ್. 2013ರ ಪುಲಿಟ್ಜರ್ ಗೆದ್ದ ಕ್ಯಾರೊಲೈನ್ ಶಾ ಅವರ 'ಪಾರ್ಟೀಟಾ', ಎಂಟೇ ದನಿ, ನಾಲ್ಕು ಭಾಗ, ಮಾತಾಡೋದು, ಉಸಿರು ಬಿಡೋದು, ಗಂಟಲಲ್ಲಿ ಹಾಡೋದು ಎಲ್ಲಾ ಇದೆ, ಮನೆಯಲ್ಲಿ ಯಾರಿಗಾದ್ರೂ ಕೇಳಿಸ್ಬೇಕು ಅಂದ್ರೆ ಇದನ್ನೇ ಹಾಕಿ.

ಅಲ್ಗಾರಿದಮ್ ಮಾತ್ರ ನಂಬಬೇಡಿ. ಪ್ಯಾರ್ಟ್ ಕೇಳಿದ್ರೆ ಅದು ಮುಂದಕ್ಕೆ ತೋರ್ಸೋದು ಮೆತ್ತನೆ ಪಿಯಾನೋ, ಅದರ ಮುಂದಕ್ಕೆ ಇನ್ನೂ ಮೆತ್ತನೆ ಪಿಯಾನೋ.

ಅಪಾಯದ ಗುರುತು: ಸೇವ್ ಮಾಡಿದ ಲಿಸ್ಟ್ ಉದ್ದ ಆಗ್ತಾ ಇದೆ, ಕೊನೇವರೆಗೂ ಕೇಳಿದ್ದು ಒಂದೂ ಇಲ್ಲ. ಲಿಸ್ಟ್ ಡಿಲೀಟ್ ಮಾಡಿ ಒಂದಕ್ಕೆ ವಾಪಸ್ ಬನ್ನಿ.

ಇನ್ನೊಂದು, ಬದುಕಿರೋ ಕಂಪೋಸರ್ ಇಷ್ಟ ಆದ್ರೆ ಬ್ಯಾಂಡ್‌ಕ್ಯಾಂಪ್ ಥರದ ಕಡೆ ಒಂದು ಆಲ್ಬಂ ದುಡ್ಡು ಕೊಟ್ಟು ತಗೊಳ್ಳಿ. 1940ರ ದಶಕದ ಕೊನೆಗೆ ಲಂಡನ್‌ನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಕಂಪೋಸರ್ ಮೆಟ್ನರ್ ಅವರ ಕೃತಿಗಳನ್ನ ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟಿದ್ದು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಆ ಲೆವೆಲ್‌ಗೆ ಬೇಡ ಬಿಡಿ.

ಹಂತ 7: ಲೈವ್

ಸ್ಪೀಕರ್‌ನಲ್ಲಿ ಗಲಾಟೆ ಅನ್ನಿಸಿದ್ದು ಹಾಲ್‌ನಲ್ಲಿ ಯಾವ ಶಬ್ದ ಎಲ್ಲಿಂದ ಬಂತು ಅಂತ ಕಣ್ಣಲ್ಲೇ ಕಾಣೋದ್ರಿಂದ ಅರ್ಧ ಬಿಡಿಸ್ಕೊಳ್ಳತ್ತೆ. ಬೆಂಗಳೂರಲ್ಲಿ ಅವಕಾಶ ಕಮ್ಮಿ, ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾಂಸೇಸ್ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಟ್ಟಿರಿ. ಪೂರ್ತಿ ಆರ್ಕೆಸ್ಟ್ರಾ ಬೇಕು ಅಂದ್ರೆ ಮುಂಬೈನ ಎನ್‌ಸಿಪಿಎ ಅನ್ನೋ ಕಲಾಕೇಂದ್ರದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, ಅವರ ಪ್ರೋಗ್ರಾಂ ಹೆಚ್ಚಾಗಿ ಹಳೇ ಕಂಪೋಸರ್‌ಗಳದ್ದು, ಹಾಗಾಗಿ ಟಿಕೆಟ್ ತಗೊಳ್ಳೋ ಮುಂಚೆ ಕೃತಿಗಳ ಪಟ್ಟಿ ಓದಿ. ಹಾಲ್‌ನಲ್ಲಿ ಭಾಗಗಳ ಮಧ್ಯೆ ಚಪ್ಪಾಳೆ ಹೊಡೆಯಲ್ಲ, "ಭಲೇ" ಅಂತ ಅನ್ನೋದೂ ಇಲ್ಲ. ಹೊಸ ಕೃತಿ ಮುಗಿದಿದೆಯೋ ಬರೀ ಮೌನವೋ ಅಂತ ಗೊತ್ತಾಗದಿದ್ರೆ ಕಂಡಕ್ಟರ್ ಕೈ ಪೂರ್ತಿ ಕೆಳಗಿಳಿಯೋ ತನಕ ಸುಮ್ನಿರಿ.

ವಿದೇಶದಲ್ಲಿರೋ ಕನ್ನಡಿಗರಿಗೆ ಈ ಹಂತ ಮೊದಲೇ ಬರಬಹುದು, ಯೂನಿವರ್ಸಿಟಿ ಇರೋ ಊರಾದ್ರೆ ಮ್ಯೂಸಿಕ್ ಡಿಪಾರ್ಟ್‌ಮೆಂಟ್‌ನ ವಿದ್ಯಾರ್ಥಿಗಳ ಕಾನ್ಸರ್ಟ್ ಎಷ್ಟೋ ಸಲ ಫ್ರೀ, ಹೊಸ ಕೃತಿಗಳು ಅಲ್ಲೇ ಜಾಸ್ತಿ.

ಇಲ್ಲಿ ಕೂತು ಯುರೋಪಿನ ಲೈವ್‌ಸ್ಟ್ರೀಮ್ ನೋಡೋದಾದ್ರೆ ಟೈಮ್ ಲೆಕ್ಕ ಹಾಕ್ಕೊಳ್ಳಿ: ಜರ್ಮನಿಯಲ್ಲಿ ರಾತ್ರಿ 8 ಅಂದ್ರೆ ನಮಗೆ ಚಳಿಗಾಲದಲ್ಲಿ 12.30, ಬೇಸಿಗೆಯಲ್ಲಿ 11.30. ಎಷ್ಟೋ ವಿಡಿಯೋಗಳನ್ನ ಆಮೇಲೂ ಉಳಿಸಿರ್ತಾರೆ, ಆದ್ರೆ ಕೆಲವನ್ನ ಸ್ವಲ್ಪ ದಿನಕ್ಕೇ ತೆಗೆದುಬಿಡ್ತಾರೆ, ಆದ್ದರಿಂದ ಎಷ್ಟು ದಿನ ಇರತ್ತೆ ಅನ್ನೋದನ್ನ ಮೊದಲು ನೋಡಿ, ಆಮೇಲೆ ನಿದ್ದೆ ಕೆಡೋದೋ ಬೇಡ್ವೋ ಅಂತ ಡಿಸೈಡ್ ಮಾಡಿ.